ಊರಿಗೆ ದುಡ್ಡು ಬಂತು, ಬಾಡಿಗೆ ಮನೆ ಎಲ್ಲಿ ಹೋಯ್ತು?

ಪ್ರಶ್ನೆ: ಪ್ರವಾಸಿಗರು ಜಾಸ್ತಿ ಬರುವ ಊರಲ್ಲಿ ಇದ್ದೇವೆ. ನನಗೆ ರೆಸಾರ್ಟಿನಲ್ಲಿ ಕೆಲಸ. ಏಳು ವರ್ಷದಿಂದ ಒಂದೇ ಬಾಡಿಗೆ ಮನೆ. ಈಗ ಮಾಲೀಕರು ‘ಮನೆಯನ್ನು ದಿನದ ಲೆಕ್ಕದಲ್ಲಿ ಪ್ರವಾಸಿಗರಿಗೆ ಕೊಡುತ್ತೇವೆ, ಖಾಲಿ ಮಾಡಿ’ ಅಂದಿದ್ದಾರೆ. ಬೇರೆ ಮನೆಗಳ ಬಾಡಿಗೆ ನನ್ನ ಸಂಬಳಕ್ಕೆ ಎಟುಕುತ್ತಿಲ್ಲ. ಹೊಸ ಮನೆಗಳನ್ನು ಕಟ್ಟಿದರೆ ಇದು ಸರಿಹೋಗುತ್ತದಾ?

ಉತ್ತರ: ನಿಮ್ಮ ಪತ್ರ ಓದಿ ಬೇಜಾರಾಯಿತು. ಬರುವ ಅತಿಥಿಗಳ ಹಾಸಿಗೆ ಹಾಸುವವರಿಗೇ ಮಲಗಲು ಜಾಗ ಇಲ್ಲ ಅಂದರೆ ಅದು ಅನ್ಯಾಯ.

ಲೆಕ್ಕ ನೋಡಿ. ಒಂದು ರಾತ್ರಿಗೆ ತಿಂಗಳ ಬಾಡಿಗೆಯ ಹತ್ತನೇ ಒಂದು ಪಾಲು ಸಿಕ್ಕರೂ, ಹತ್ತು ರಾತ್ರಿ ತುಂಬಿದರೆ ನೀವು ಕೊಡುವ ಪೂರ್ತಿ ಬಾಡಿಗೆ ಬಂದುಬಿಡುತ್ತದೆ. ಬಾಗಿಲ ಪಕ್ಕ ನಂಬರ್ ಲಾಕಿನ ಪುಟ್ಟ ಡಬ್ಬಿ ಹಾಕಿ ಬೀಗದ ಕೈ ಅದರಲ್ಲಿಟ್ಟರೆ ಆಯಿತು, ಮಾಲೀಕರು ಊರಲ್ಲಿ ಇರಬೇಕೆಂದೂ ಇಲ್ಲ. ಆ ಆದಾಯ ನೋಡಿಕೊಂಡು ಮನೆಯ ಮಾರಾಟದ ಬೆಲೆಯೂ ಏರುತ್ತದೆ, ಅಲ್ಲೇ ದುಡಿಯುವವರಿಗೆ ಕೊಳ್ಳುವ ದಾರಿಯೂ ಮುಚ್ಚುತ್ತದೆ.

ಸುಮ್ನೆ ಕಟ್ಟಿದರೆ ಸಾಲದು ಅನ್ನುವುದು ನನ್ನ ಅಭಿಪ್ರಾಯ. ಹೊಸ ಮನೆಯೂ ಅದೇ ಸಂತೆಗೆ ಹೋದರೆ ನಿಮಗೇನು ಬಂತು? ಮನೆ ಯಾರಿಗೆ ಅನ್ನುವುದು ಮನೆಪತ್ರದಲ್ಲೇ ಬರೆದಿರಬೇಕು. ಕೆನಡಾದ ವಿಸ್ಲರ್ ಹಿಮದಾಟಕ್ಕೆ ಹೆಸರಾದ ಊರು. ಅಲ್ಲಿ 1997ರಿಂದ ಇದಕ್ಕೆಂದೇ ಒಂದು ವಸತಿ ಪ್ರಾಧಿಕಾರ ಇದೆ. ಅದರ ಮನೆಗಳು ಅಲ್ಲಿ ಕೆಲಸ ಮಾಡುವವರಿಗೆ, ಅಲ್ಲೇ ದುಡಿದು ನಿವೃತ್ತರಾದವರಿಗೆ ಮಾತ್ರ, ಮರುಮಾರಾಟಕ್ಕೂ ಬೆಲೆಯ ಮಿತಿ ಇದೆ. ಅಮೆರಿಕದ ವೇಲ್‌ನಲ್ಲಿ ಊರಾಡಳಿತವೇ ಮಾಲೀಕರಿಗೆ ದುಡ್ಡು ಕೊಟ್ಟು, ಸ್ಥಳೀಯವಾಗಿ ಕೆಲಸ ಮಾಡುವವರೇ ಇಲ್ಲಿ ವಾಸಿಸಬೇಕು ಎಂದು ಮನೆಪತ್ರದಲ್ಲಿ ಷರತ್ತು ಬರೆಸಿಕೊಳ್ಳುತ್ತದೆ. ಇದು ನನಗೆ ತುಂಬಾ ಹಿಡಿಸಿತು, ಯಾಕೆಂದರೆ ಇರುವ ಮನೆಗಳೇ ಉಳಿಯುತ್ತವೆ.

ಅರ್ಧಂಬರ್ಧ ನಿಯಮ ಮಾತ್ರ ಬೇಡ. ಇಂಗ್ಲೆಂಡಿನ ಸೇಂಟ್ ಐವ್ಸ್‌ನಲ್ಲಿ 2016ರಲ್ಲಿ ಜನ ಮತ ಹಾಕಿ, ಹೊಸದಾಗಿ ಕಟ್ಟಿದ ಮನೆಗಳನ್ನು ರಜೆಗೆ ಬಂದುಹೋಗುವ ಎರಡನೇ ಮನೆಯಾಗಿ ಕೊಳ್ಳುವಂತಿಲ್ಲ ಅಂದರು. ಹಳೆಯ ಮನೆಗಳಿಗೆ ಆ ನಿಯಮ ಇರಲಿಲ್ಲ, ಕೊಳ್ಳುವವರ ಕಣ್ಣು ಅವುಗಳ ಮೇಲೆ ಬಿತ್ತು. ಬಾರ್ಸಿಲೋನಾ 2028ರ ಕೊನೆಯೊಳಗೆ ತನ್ನ ಸುಮಾರು 10,000 ಪ್ರವಾಸಿ ಫ್ಲಾಟುಗಳ ಪರವಾನಗಿ ನಿಲ್ಲಿಸುವುದಾಗಿ 2024ರಲ್ಲಿ ಹೇಳಿತು. ದೊಡ್ಡ ಹೆಜ್ಜೆಯೇ, ಆದರೆ ಅಷ್ಟು ದಿನ ನೀವು ಕಾಯಲು ಆಗಲ್ಲ ಅಲ್ವಾ?

ಹಾಗಾಗಿ ಮೊದಲು ಬಾಡಿಗೆ ಕರಾರು ತೆಗೆದು ನೋಡಿ. ಖಾಲಿ ಮಾಡಲು ಎಷ್ಟು ಸಮಯ ಕೊಡಬೇಕು ಅಂತ ಬರೆದಿದೆಯೋ ಅಷ್ಟನ್ನು ಕೇಳಿಯೇ ಪಡೆಯಿರಿ. ದಿನಬಾಡಿಗೆಗೆ ಪರವಾನಗಿ ಬೇಕಾ, ಮಾಲೀಕರು ಪಡೆದಿದ್ದಾರಾ ಅಂತ ಸ್ಥಳೀಯ ಆಡಳಿತದಲ್ಲಿ ವಿಚಾರಿಸಿ. ಜೊತೆಗೆ ಕೆಲಸ ಮಾಡುವವರೆಲ್ಲ ಸೇರಿ ರೆಸಾರ್ಟಿನವರ ಹತ್ತಿರ ವಸತಿ ಕೇಳಿ. ಆದರೆ ಕೆಲಸ ಹೋದ ದಿನವೇ ಮನೆಯೂ ಹೋಗುವಂತಿರಬಾರದು, ಬಿಡಲು ಕೆಲವು ತಿಂಗಳಾದರೂ ಸಿಗಬೇಕು. ಅದನ್ನು ಬಾಯಿಮಾತಲ್ಲಿ ಬಿಡದೆ ಬರಹದಲ್ಲೇ ಪಡೆಯಿರಿ.