ಎಲೆ ಸುಟ್ಟ ಹೊಗೆ, ಡೀಸೆಲ್ ಸುಟ್ಟ ಹೊಗೆ: ಎರಡರ ಲೆಕ್ಕವೂ ಒಂದೇ?

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನಲ್ಲಿ ನಮ್ಮದು ಹನ್ನೆರಡು ಎಕರೆ ಕಾಫಿ ತೋಟ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದು ಶೇ 0.04ರಷ್ಟು ಮಾತ್ರ ಎಂದು ಮಗಳ ಪಠ್ಯಪುಸ್ತಕದಲ್ಲಿ ಓದಿದೆ. ಅಷ್ಟು ಕಡಿಮೆ ಇರುವ ಅನಿಲ ಭೂಮಿಯನ್ನು ಹೇಗೆ ಬಿಸಿ ಮಾಡೀತು? ಮರಗಸಿ ಮಾಡಿದ (ನೆರಳು ಮರದ ಕೊಂಬೆ ಸವರಿದ) ಸೊಪ್ಪುಸದೆ ಸುಟ್ಟರೆ ನಾವೂ ಅದಕ್ಕೆ ಕಾರಣರೇ? ತೋಟದ ತುಂಬ ಮರಗಳಿವೆಯಲ್ಲ, ಲೆಕ್ಕ ಚುಕ್ತಾ ಆಗುವುದಿಲ್ಲವೇ?

ಉತ್ತರ: ಜನವರಿಯಲ್ಲಿ ಕಣದ ಕಾಫಿ ಕಾದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಮೋಡ ಕವಿದ ರಾತ್ರಿಗಿಂತ ನಕ್ಷತ್ರ ಹೊಳೆಯುವ ರಾತ್ರಿಯಲ್ಲಿ ಚಳಿ ಹೆಚ್ಚು. ಹಗಲು ಕಾದ ನೆಲ ರಾತ್ರಿಯಿಡೀ ತನ್ನ ಶಾಖವನ್ನು ಕಣ್ಣಿಗೆ ಕಾಣದ ಅವಗೆಂಪು ಕಿರಣಗಳಾಗಿ ಆಕಾಶಕ್ಕೆ ಬಿಡುತ್ತದೆ. ಮೋಡವಿದ್ದರೆ ಅದರಲ್ಲಿ ಒಂದು ಪಾಲು ನೆಲಕ್ಕೇ ಮರಳುತ್ತದೆ. ಇಂಗಾಲದ ಡೈಆಕ್ಸೈಡ್ ಮಾಡುವುದೂ ಇದೇ ಕೆಲಸವನ್ನು. ಆದರೆ ಮೋಡದಂತೆ ಬಂದು ಹೋಗದೆ, ಹಗಲೂ ರಾತ್ರಿಯೂ.

ಶೇ 0.04 ಎಂಬ ಅಂಕಿ ನಮ್ಮನ್ನು ದಾರಿ ತಪ್ಪಿಸುವುದು ಇಲ್ಲೇ. ಒಣ ಗಾಳಿಯ ಶೇ 99ಕ್ಕೂ ಹೆಚ್ಚು ಭಾಗ ಸಾರಜನಕ, ಆಮ್ಲಜನಕ ಮತ್ತು ಆರ್ಗಾನ್. ನೆಲ ಬಿಡುವ ಶಾಖಕಿರಣಗಳು ಇವುಗಳ ನಡುವೆ ಬಹುಮಟ್ಟಿಗೆ ತಡೆಯಿಲ್ಲದೆ ದಾಟಿಹೋಗುತ್ತವೆ. ಮೂರು ಪರಮಾಣುಗಳ ಇಂಗಾಲದ ಡೈಆಕ್ಸೈಡ್ ಅಣು ಮಾತ್ರ ಆ ಕಿರಣಗಳನ್ನು ಹೀರಿ ಕಂಪಿಸುತ್ತದೆ, ಹೀರಿದ್ದನ್ನು ಎಲ್ಲ ದಿಕ್ಕಿಗೂ ಬಿಡುತ್ತದೆ. ಶಾಖ ತಡೆಯುವ ಕೆಲಸಕ್ಕೆ ಬಾರದ ಅನಿಲಗಳು ಎಷ್ಟಿದ್ದರೇನು? ತಡೆಯುವವು ಎಷ್ಟಿವೆ ಎಂಬುದೇ ಮುಖ್ಯ. ವಿಜ್ಞಾನಿ ಜಾನ್ ಟಿಂಡಾಲ್ ಇದನ್ನು 1859ರಲ್ಲೇ ಪ್ರಯೋಗಾಲಯದಲ್ಲಿ ಅಳೆದು ತೋರಿಸಿದ್ದರು. ನೀರಾವಿಯೂ ಶಾಖ ಹಿಡಿಯುತ್ತದೆ, ಇನ್ನೂ ಹೆಚ್ಚಾಗಿಯೇ ಹಿಡಿಯುತ್ತದೆ. ಆದರೆ ಅದು ಕೆಲವೇ ದಿನಗಳಲ್ಲಿ ಮಳೆಯಾಗಿ ಇಳಿದುಬಿಡುತ್ತದೆ. ನಾವು ಗಾಳಿಗೆ ಸೇರಿಸಿದ ಇಂಗಾಲದ ಡೈಆಕ್ಸೈಡ್‌ನ ದೊಡ್ಡ ಪಾಲು ಶತಮಾನಗಳವರೆಗೆ ಇಳಿಯುವುದಿಲ್ಲ. ಹೀಗೆ ಶಾಖ ಹಿಡಿಯುವ ಈ ಹಸಿರುಮನೆ ಅನಿಲಗಳೇ ಇಲ್ಲದಿದ್ದರೆ ಭೂಮಿಯ ಸರಾಸರಿ ಉಷ್ಣತೆ ಈಗಿನ ಸುಮಾರು 15 ಡಿಗ್ರಿ ಸೆಲ್ಸಿಯಸ್ ಇರದೆ ಸೊನ್ನೆಗಿಂತ 18 ಡಿಗ್ರಿ ಕೆಳಗಿರುತ್ತಿತ್ತು. ಇವು ನಮಗೆ ಬೇಕು. ಅಳತೆ ಮೀರಿದ್ದೇ ತೊಂದರೆ. ಕೈಗಾರಿಕಾ ಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ 280 ಇದ್ದದ್ದು, 1958ರಲ್ಲಿ ಹವಾಯಿಯ ಮೌನಾ ಲೋವಾದಲ್ಲಿ ಅಳತೆ ಶುರುವಾದಾಗ 315ರ ಆಸುಪಾಸಿಗೆ ಬಂದಿತ್ತು. 2024ರಲ್ಲಿ ಅಲ್ಲಿಯ ಸರಾಸರಿ 424 ದಾಟಿದೆ.

ಇನ್ನು ಹೊಗೆಯ ಮಾತು. ಕಣ್ಣಿಗೆ ಕಾಣುವ ಹೊಗೆಯೇ ದೊಡ್ಡ ಅಪರಾಧಿ ಎಂದು ನಾವು ನಂಬಿಬಿಟ್ಟಿದ್ದೇವೆ. ಇಂಗಾಲದ ಡೈಆಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ಈ ಇಂಗಾಲ ಎಲ್ಲಿಂದ ಬಂತು? ನೀವು ಸುಟ್ಟ ಸೊಪ್ಪಿನಲ್ಲಿರುವ ಇಂಗಾಲ ಒಂದೆರಡು ವರ್ಷದ ಹಿಂದೆ ಗಾಳಿಯಲ್ಲೇ ಇತ್ತು. ಮರ ಅದನ್ನು ಎಳೆದುಕೊಂಡಿತು, ನೀವು ಮರಳಿಸಿದಿರಿ, ಮುಂದಿನ ಚಿಗುರು ಮತ್ತೆ ಎಳೆದುಕೊಳ್ಳುತ್ತದೆ. ನಾವು ಉಸಿರಾಡಿ ಬಿಡುವುದೂ ಇದೇ ಸುತ್ತಿನಲ್ಲಿದೆ. ಆದರೆ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರ್‌ಗೆ ಓಡಿಸುವ ಪಂಪಿನ ಡೀಸೆಲ್ ಈ ಸುತ್ತಿಗೆ ಸೇರಿದ್ದಲ್ಲ. ಅದರಲ್ಲಿರುವುದು ಕೋಟ್ಯಂತರ ವರ್ಷ ನೆಲದಡಿ ಹೂತಿದ್ದ ಇಂಗಾಲ. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 720 ಗ್ರಾಂ ಇಂಗಾಲವಿರುತ್ತದೆ. ಉರಿಯುವಾಗ ಗಾಳಿಯ ಆಮ್ಲಜನಕ ಕೂಡಿಕೊಂಡು ಅದು ಸುಮಾರು 2.6 ಕೆ.ಜಿ. ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಸುಟ್ಟ ಎಣ್ಣೆಗಿಂತ ಹೊರಬಂದ ಅನಿಲದ ತೂಕ ಹೆಚ್ಚಾಗುವುದು ಹೀಗೆ. ಗಾಳಿಗೆ ಸೇರಿದ್ದು ಹಳೆಯ ಇಂಗಾಲವೇ ಎಂಬುದಕ್ಕೆ ಗಟ್ಟಿ ಸಾಕ್ಷಿಯಿದೆ: ಇಂಗಾಲ-14 ಎಂಬ ವಿಕಿರಣಶೀಲ ರೂಪ ಬದುಕಿರುವ ಮರದಲ್ಲಿ ಇರುತ್ತದೆ, ಪೆಟ್ರೋಲಿಯಂ, ಕಲ್ಲಿದ್ದಲುಗಳಲ್ಲಿ ಅಳಿದುಹೋಗಿರುತ್ತದೆ. ಗಾಳಿಯಲ್ಲಿ ಅದರ ಪಾಲು ತೆಳುವಾಗುತ್ತಿರುವುದು ಅಳತೆಯಲ್ಲಿ ಸಿಗುತ್ತದೆ.

ಬೆಳೆಗಾರರು ಸಾಮಾನ್ಯವಾಗಿ ಗಮನಿಸದ ಇನ್ನೊಂದು ಮೂಲ ತೋಟದೊಳಗೇ ಇದೆ: ಸುಣ್ಣ. ಹುಳಿ ಮಣ್ಣಿಗೆ ಹಾಕುವ ಕೃಷಿ ಸುಣ್ಣ ಸುಣ್ಣಕಲ್ಲಿನ ಪುಡಿ. ಅದು ಮಣ್ಣಿನ ಆಮ್ಲದೊಂದಿಗೆ ವರ್ತಿಸಿದಾಗ 100 ಕೆ.ಜಿ.ಗೆ ಹೆಚ್ಚೆಂದರೆ 44 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬಿಡಬಲ್ಲದು. ಸಿಮೆಂಟ್ ಕಾರ್ಖಾನೆಯ ಗೂಡಿನಲ್ಲಿ ಸುಣ್ಣಕಲ್ಲು ಬಿಡುವುದೂ ಇದೇ ಅನಿಲವನ್ನೇ. ಹಾಗೆಂದು ಸುಣ್ಣ ನಿಲ್ಲಿಸಬೇಡಿ, ಗಿಡ ಸೊರಗುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ, ಬೇಕಾದಷ್ಟೇ ಹಾಕಿ.

ಸೊಪ್ಪು ಸುಡುವುದು ಸರಿ ಎಂದೂ ನಾನು ಹೇಳುತ್ತಿಲ್ಲ. ಅರೆಬೆಂದ ಹೊಗೆಯಲ್ಲಿ ಮಸಿ, ಕಾರ್ಬನ್ ಮೊನಾಕ್ಸೈಡ್, ಸ್ವಲ್ಪ ಮೀಥೇನ್ ಇರುತ್ತವೆ. ಕೊಳೆತು ಮಣ್ಣು ಸೇರಬೇಕಾದ ಇಂಗಾಲದ ಪಾಲೂ ಕೈತಪ್ಪುತ್ತದೆ. ಗಿಡದ ಬುಡಕ್ಕೆ ಮುಚ್ಚಿಗೆಯಾಗಿ ಹಾಸುವುದು ಎಷ್ಟೋ ಲೇಸು.

ಚುಕ್ತಾ ಆಗುವುದೇ? ಇಲ್ಲ ಎಂದೇ ಹೇಳಬೇಕು. ಬೆಳೆಯುವ ಮರ ಇಂಗಾಲ ಕೂಡಿಡುತ್ತದೆ, ನಿಜ. ಬಲಿತು ನಿಂತ ಮೇಲೆ ಅದು ಹೊಸದಾಗಿ ಸೇರಿಸುವುದು ಕಡಿಮೆ. ಆಗ ಮುಖ್ಯವಾಗಿ ಹಳೆಯ ಗಂಟನ್ನು ಕಾಯುತ್ತದೆ. ಹೊನ್ನೆ, ನಂದಿ, ಅತ್ತಿ ಕಡಿದು ಸಿಲ್ವರ್ ಓಕ್ ನೆಟ್ಟವರು ಆ ಗಂಟನ್ನೇ ಬಿಚ್ಚಿದಂತೆ. ಕಡಿದ ಮರ ಮನೆಯ ತೊಲೆಯಾದರೆ ತೊಲೆ ಇರುವವರೆಗೆ ಇಂಗಾಲ ಅದರಲ್ಲಿ ಉಳಿಯುತ್ತದೆ, ಸೌದೆಯಾದರೆ ಅದೇ ಚಳಿಗಾಲದಲ್ಲಿ ಗಾಳಿಗೆ ಮರಳುತ್ತದೆ.

ತೋಟದ ಲೆಕ್ಕದ ಪುಸ್ತಕದಲ್ಲಿ ಡೀಸೆಲ್ ಖರ್ಚಿನ ಪಕ್ಕ ಲೀಟರನ್ನೂ ಬರೆಯಿರಿ, 2.6ರಿಂದ ಗುಣಿಸಿ. ಮಗಳ ಕೈಯಲ್ಲೇ ಆ ಲೆಕ್ಕ ಮಾಡಿಸಿ.