ತಾಯಿಯವರು ಆಸ್ಪತ್ರೆಯಲ್ಲಿರುವಾಗ ಮನೆಯಲ್ಲಿ ಉಳಿದ ಬೆಕ್ಕುಗಳ ವ್ಯವಸ್ಥೆ

ಮೈಸೂರಿನಲ್ಲಿ ಒಂಟಿಯಾಗಿದ್ದ ನಿಮ್ಮ ತಾಯಿಯವರು ಪಾರ್ಶ್ವವಾಯುವಿನಿಂದ ನಿನ್ನೆ ಐಸಿಯು ಸೇರಿದ್ದಾರೆ, ನೀವು ವಿದೇಶದಿಂದ ತಲುಪಲು ಇನ್ನೂ ಮೂರು ದಿನ ಬೇಕು, ಅಲ್ಲಿಯವರೆಗೆ ಅವರ ಎರಡು ಬೆಕ್ಕುಗಳಿಗೆ ಏನು ಮಾಡಬೇಕು ಎಂದು ಕೇಳಿದ್ದೀರಿ. ತಾಯಿಯವರು ಬೇಗ ಚೇತರಿಸಿಕೊಳ್ಳಲಿ.

ಪರಿಚಿತ ಜಾಗ ತಪ್ಪಿದ ಬೆಕ್ಕು ಅಡಗಿ ಕುಳಿತು ಊಟ ಬಿಡುವುದೇ ಹೆಚ್ಚು. ಆದ್ದರಿಂದ ಈಗಲೇ ಬೋರ್ಡಿಂಗ್‌ಗೆ (ಹಣ ಪಡೆದು ಸಾಕುಪ್ರಾಣಿಗಳನ್ನು ಇರಿಸಿಕೊಂಡು ನೋಡಿಕೊಳ್ಳುವ ಕೇಂದ್ರಕ್ಕೆ) ಕಳುಹಿಸುವುದಕ್ಕಿಂತ, ಕೀಲಿಕೈ ಇರುವ ನೆರೆಯವರೋ ಮನೆಗೆಲಸದವರೋ ದಿನಕ್ಕೆರಡು ಬಾರಿ ಬಂದು ನೋಡಿಕೊಳ್ಳುವುದು ಮೇಲು. ನೀರು ಮತ್ತು ಮಲವಿಸರ್ಜನೆಯ ತಟ್ಟೆಯ ಕೆಲಸ ಸುಲಭದ್ದು. ಕಷ್ಟವಾಗುವುದು ಊಟದ ವಿಷಯ. ಎರಡಕ್ಕೂ ಬೇರೆ ಬೇರೆ ಕೋಣೆಯಲ್ಲಿ ಊಟವಿಟ್ಟರೆ ಯಾವುದು ತಿನ್ನುತ್ತಿಲ್ಲ ಎಂಬುದು ತಿಳಿಯುತ್ತದೆ. ಬೆಕ್ಕು, ಅದರಲ್ಲೂ ದಪ್ಪಗಿರುವುದು, ಎರಡು ಮೂರು ದಿನ ಉಪವಾಸವಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಅಪಾಯವಾಗಬಹುದು. ಆದ್ದರಿಂದ 24 ಗಂಟೆ ಏನನ್ನೂ ಮುಟ್ಟದಿದ್ದರೆ, ನೀವು ಬರುವವರೆಗೆ ಕಾಯದೆ ಪಶುವೈದ್ಯರಿಗೆ ತೋರಿಸಬೇಕು.

ನೆರೆಯವರು ಕರೆದೊಯ್ದಾಗ ವೈದ್ಯರು ಹಿಂಜರಿಯದಂತೆ, ಯಾರು ಒಪ್ಪಿಗೆ ಕೊಡಬಹುದು, ಎಷ್ಟು ಮೊತ್ತದವರೆಗಿನ ಖರ್ಚನ್ನು ನೀವು ಭರಿಸುತ್ತೀರಿ ಎಂಬುದನ್ನು ವಾಟ್ಸ್‌ಆ್ಯಪ್‌ನಲ್ಲಿ ಈಗಲೇ ಬರೆದು ಕಳುಹಿಸಿ. ಲಸಿಕೆಯ ಪುಸ್ತಕವನ್ನೂ ಹುಡುಕಿಸಿ. ಮುಂದೆ ಬೋರ್ಡಿಂಗ್ ಅನಿವಾರ್ಯವಾದರೆ ಅದನ್ನು ಕೇಳುತ್ತಾರೆ.

ಬೀದಿಗೆ ಬಿಟ್ಟುಬಿಡಿ ಎಂದು ಸಲಹೆ ಕೊಡುವ ಬಂಧುಗಳು ಇದ್ದೇ ಇರುತ್ತಾರೆ. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧವೆಂದು ಅವರಿಗೆ ತಿಳಿಸಿ. ದತ್ತು ಕೊಡುವ ಮಾತನ್ನಂತೂ, ತಾಯಿಯವರು ತಮ್ಮ ಇಚ್ಛೆಯನ್ನು ತಿಳಿಸುವ ಸ್ಥಿತಿಗೆ ಬರುವವರೆಗೆ ಎತ್ತಬೇಡಿ.