ಪಟಾಕಿ ಯಾರಿಗೆ ಹೊಡೆದಿದ್ದು, ಮೇಷ್ಟ್ರೇ?

ಪ್ರಿಯ ಮೇಷ್ಟ್ರೇ,

ನಾಲ್ಕು ಹಾಳೆ, ಎರಡೂ ಬದಿ ತುಂಬಿಸಿ ಬರೆದ ನಿಮ್ಮ ಕಾಗದ ತಲುಪಿತು. ಪೂರ್ತಿ ಹಾಕೋಕೆ ಜಾಗ ಇಲ್ಲ. ಉಳಿದ ಓದುಗರಿಗಾಗಿ ಸಾರಾಂಶ ಹೇಳಿಬಿಡುತ್ತೇನೆ. ತಪ್ಪಿದ್ದರೆ ಇನ್ನೊಂದು ಕಾಗದ ಬರೆದು ಬೈಯಿರಿ.

2024ರ ಜೂನ್ 6ರ ರಾತ್ರಿ ಟಿ20 ವಿಶ್ವಕಪ್‌ನಲ್ಲಿ ಅಮೆರಿಕ ಪಾಕಿಸ್ತಾನವನ್ನು ಸೋಲಿಸಿತು. ಮಧ್ಯರಾತ್ರಿ ಕಳೆದ ಮೇಲೆ ಮೂಡಿಗೆರೆ ಕಡೆಯ ನಿಮ್ಮ ಊರಿನಲ್ಲಿ ಹುಡುಗರು ಪಟಾಕಿ ಹೊಡೆದರು. ನಿಮ್ಮ ಕೊಟ್ಟಿಗೆಯ ಹಸು ಬೆದರಿ ಹಗ್ಗ ಕಿತ್ತುಕೊಂಡು ಹೋಯಿತು. ಬೆಳಗ್ಗೆ ಪಕ್ಕದವರ ತೋಟದಲ್ಲಿ ಸಿಕ್ಕಿತು. ಇದು ಮೊದಲನೇ ದೂರು. ಎರಡನೆಯದು ನಮ್ಮ ಮೇಲೆ. ಆ ಅಮೆರಿಕ ತಂಡದ ಬೌಲರ್ ನೊಸ್ತುಷ್ ಕೆಂಜಿಗೆ ಬಗ್ಗೆ ಬರೆದಾಗ ‘ನಮ್ಮ ತೋಟದ ಹುಡುಗ’ ಅಂತ ತಲೆಬರಹ ಕೊಟ್ಟಿದ್ದೆವು. “ಹುಟ್ಟಿದ್ದು ಅಮೆರಿಕದಲ್ಲಿ, ಆಡೋದು ಅಮೆರಿಕಕ್ಕೆ, ವಯಸ್ಸು 33. ನಮ್ಮವನೂ ಅಲ್ಲ, ಹುಡುಗನೂ ಅಲ್ಲ” ಅಂದಿದ್ದೀರಿ. ಕೊನೆಗೊಂದು ಸವಾಲು: “ನಾಳೆ ಇದೇ ಕೆಂಜಿಗೆ ಕೊಹ್ಲಿ ವಿಕೆಟ್ ತೆಗೆದರೆ ಪಟಾಕಿ ಹೊಡೀತೀರಾ?”

ಹಸುವಿನ ವಿಷಯದಲ್ಲಿ ನಮ್ಮ ವಾದ ಏನೂ ಇಲ್ಲ. ಮಳೆ ಹಿಡಿದ ಜೂನ್‌ನಲ್ಲಿ, ಕತ್ತಲಲ್ಲಿ, ಟಾರ್ಚ್ ಹಿಡಿದು ತೋಟ ಸುತ್ತೋದು ಅಂದ್ರೆ ಏನು ಅಂತ ಗೊತ್ತು. ಜಿಗಣೆ ಬೇರೆ. ಆ ಹುಡುಗರು ಮನೆಗೆ ಬಂದು ತಪ್ಪಾಯ್ತು ಅನ್ನಬೇಕಿತ್ತು.

‘ಹುಡುಗ’ ಅಂದಿದ್ದಕ್ಕೆ ಮಾತ್ರ ನಾನು ಬಗ್ಗಲ್ಲ. ನಮ್ಮ ಊರುಗಳ ಟೆನಿಸ್ ಬಾಲ್ ಟೂರ್ನಮೆಂಟಿಗೆ ಒಂದು ಸಲ ಬನ್ನಿ. ‘ನಮ್ಮ ಹುಡುಗ್ರು’ ಅನ್ನೋ ಟೀಮಿನಲ್ಲಿ ಮಗಳ ಮದುವೆ ಮಾಡಿದವರೂ ಇರ್ತಾರೆ.

ಇನ್ನು ‘ನಮ್ಮವನು’. ನಿಮ್ಮ ಲೆಕ್ಕ ಹಿಡಿದರೆ ಹಾಸನದವರಾದ ನಾವು ಜಾವಗಲ್ ಶ್ರೀನಾಥ್ ಅವರನ್ನೂ ಬಿಟ್ಟುಕೊಡಬೇಕಾಗುತ್ತದೆ. ಅವರು ಹುಟ್ಟಿದ್ದು ಮೈಸೂರಿನಲ್ಲಿ, ಓದಿದ್ದೂ ಅಲ್ಲೇ. ಅರಸೀಕೆರೆ ತಾಲ್ಲೂಕಿನ ಜಾವಗಲ್ ಹೆಸರಿನ ಮುಂದೆ ಇದೆ, ಅಷ್ಟೇ. ಆದರೂ ಇಂಗ್ಲಿಷ್ ಕಾಮೆಂಟ್ರಿಯವರು ಆ ಊರಿನ ಹೆಸರನ್ನು ತಮಗೆ ಬಂದ ಹಾಗೆ ಎಳೆದಾಗೆಲ್ಲ ಇಲ್ಲಿ ಟಿವಿ ಮುಂದೆ ಕೂತವರು ಒಮ್ಮೆ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. ಅದಕ್ಕೆ ಮೈಸೂರಿನವರು ತಕರಾರು ಮಾಡಿದ್ದನ್ನು ನಾನಂತೂ ಕೇಳಿಲ್ಲ. ಕೆಂಜಿಗೆ ಹುಟ್ಟಿದ್ದು ಅಲಬಾಮದಲ್ಲಿ, ನಿಜ. ಆದರೆ ಕೂಸಾಗಿದ್ದಾಗಲೇ ಮನೆಯವರು ವಾಪಸ್ ಬಂದರು. ಬೆಳೆದದ್ದು ಚಿಕ್ಕಮಗಳೂರು ಕಡೆಯ ಕಾಫಿ ತೋಟದಲ್ಲಿ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿ, ಅಲ್ಲೇ ಲೀಗ್ ಕ್ರಿಕೆಟ್ ಆಡಿ, ಆಮೇಲೆ ಕೆಲಸಕ್ಕೆ ಅಂತ ಅಮೆರಿಕಕ್ಕೆ ಹೋದವರು. ಮದುವೆ ಮನೆಯಲ್ಲಿ ಹೊಸ ಮುಖ ಕಂಡರೆ ನಾವು ಮೊದಲು ಕೇಳೋದು ‘ಯಾವ ಕಡೆಯವರು?’ ಅಂತ ಅಲ್ವಾ? ಪಾಸ್‌ಪೋರ್ಟ್ ತೋರಿಸಿ ಅಂತ ಯಾರೂ ಕೇಳಲ್ಲ.

ಇಷ್ಟೇ ಆಗಿದ್ದರೆ ಎರಡು ಸಾಲಿನಲ್ಲಿ ಉತ್ತರ ಮುಗಿಸುತ್ತಿದ್ದೆ. ನಿಮ್ಮ ಮೂರನೇ ಹಾಳೆಯ ಒಂದು ಮಾತು ಬಿಡುತ್ತಿಲ್ಲ. “ಇವರು ಗೆದ್ದವರಿಗೆ ಪಟಾಕಿ ಹೊಡೆದಿದ್ದಲ್ಲ, ಸೋತವರಿಗೆ ಹೊಡೆದಿದ್ದು.”

ಆ ರಾತ್ರಿ ನಾನೂ ಎದ್ದಿದ್ದೆ. ಡಲ್ಲಾಸ್‌ನಲ್ಲಿ ಬೆಳಗ್ಗೆ ಶುರುವಾದ ಆಟ ನಮಗೆ ರಾತ್ರಿ ಒಂಬತ್ತಕ್ಕೆ. ಪಾಕಿಸ್ತಾನ 159 ಹೊಡೆಯಿತು. ಬಾಬರ್ ಜೊತೆ ಚೆನ್ನಾಗಿ ಆಡುತ್ತಿದ್ದ ಶಾದಾಬ್‌ರನ್ನು ಕೆಂಜಿಗೆ ಔಟ್ ಮಾಡಿದರು, ಮುಂದಿನ ಬಾಲಿಗೇ ಆಜಂ ಖಾನ್‌ರನ್ನೂ ಕಳಿಸಿದರು. ಒಟ್ಟು 30 ರನ್‌ಗೆ 3 ವಿಕೆಟ್. ಅಮೆರಿಕಕ್ಕೆ ಕೊನೇ ಓವರಿನಲ್ಲಿ 15 ಬೇಕಿತ್ತು. ಕೊನೇ ಬಾಲಿಗೆ 5. ನಿತೀಶ್ ಕುಮಾರ್ ಫೋರ್ ಹೊಡೆದರು, ಟೈ. ಟೈ ಆದರೆ ಗೆಲುವು ತೀರ್ಮಾನಿಸೋಕೆ ಎರಡೂ ತಂಡಕ್ಕೆ ಒಂದೊಂದು ಓವರ್ ಕೊಡೋ ಸೂಪರ್ ಓವರಿನಲ್ಲಿ ಅಮೆರಿಕ 18, ಪಾಕಿಸ್ತಾನ 13. ಪಾಕಿಸ್ತಾನಕ್ಕೆ ಆ ಓವರ್ ಹಾಕಿದ್ದು ಸೌರಭ್ ನೇತ್ರವಾಳ್ಕರ್, ಮುಂಬೈಯಿಂದ ಹೋದ ಸಾಫ್ಟ್‌ವೇರ್ ಎಂಜಿನಿಯರ್.

ನಾನು ಪಟಾಕಿ ಹೊಡೆಯಲಿಲ್ಲ. ಆದರೆ ಕೂಗಿದೆ. ಒಳಗೆ ಮಲಗಿದ್ದವರು ಎದ್ದು ಬಂದು “ಏನಾಯ್ತು?” ಅಂದರು. ನನ್ನ ಬಾಯಲ್ಲಿ ಬಂದದ್ದು ‘ಅಮೆರಿಕ ಗೆದ್ದಿತು’ ಅಲ್ಲ, ‘ಪಾಕಿಸ್ತಾನ ಸೋತಿತು’. ನಿಮ್ಮ ಕಾಗದ ಓದಿದ ಮೇಲೆ ಅದು ನೆನಪಾಯಿತು. ಅಮೆರಿಕ ಆ ದಿನ ನ್ಯೂಜಿಲೆಂಡನ್ನು ಸೋಲಿಸಿದ್ದರೆ, ಕೆಂಜಿಗೆ ಐದು ವಿಕೆಟ್ ತೆಗೆದಿದ್ದರೂ, ನಿಮ್ಮ ಹಸು ನೆಮ್ಮದಿಯಾಗಿ ಮೆಲುಕು ಹಾಕುತ್ತಿತ್ತು. ಒಪ್ಪಿಕೊಂಡೆ ಮೇಷ್ಟ್ರೇ.

ಪೂರ್ತಿ ಒಪ್ಪೋಕೆ ಮಾತ್ರ ಮನಸ್ಸಿಲ್ಲ. ಯಾಕೆ ಅಂದ್ರೆ 2011ರ ಮಾರ್ಚ್ 2. ಬೆಂಗಳೂರಿನ ಚಿನ್ನಸ್ವಾಮಿಯಲ್ಲಿ ಇಂಗ್ಲೆಂಡ್–ಐರ್ಲೆಂಡ್ ಪಂದ್ಯ. ಯಾವುದೋ ಕೆಲಸಕ್ಕೆ ಹೋಗಿದ್ದ ನಾವು ಮೂವರು, ಹಾಸನದ ಬಸ್ಸಿಗೆ ಇನ್ನೂ ಹೊತ್ತಿದೆ ಅಂತ ಸುಮ್ನೆ ಒಳಗೆ ಹೋದೆವು. ಇಂಗ್ಲೆಂಡ್ 327. ಐರ್ಲೆಂಡ್ 111ಕ್ಕೆ 5. ಏಳೋಣ ಅಂತ ಚಪ್ಪಲಿ ಹಾಕಿಕೊಂಡಿದ್ದೆವು. ಆಗ ಕೂದಲಿಗೆ ಗುಲಾಬಿ ಬಣ್ಣ ಬಳಿದುಕೊಂಡಿದ್ದ ಕೆವಿನ್ ಓಬ್ರಿಯನ್ ಹೊಡೆಯೋಕೆ ಶುರು ಮಾಡಿದ. 50 ಬಾಲಿಗೆ ನೂರು. ಆವತ್ತಿಗೆ ಅದು ವಿಶ್ವಕಪ್‌ನಲ್ಲೇ ವೇಗದ ಶತಕ. ಐರ್ಲೆಂಡ್ ತಂಡದಲ್ಲಿ ಇನ್ನೊಬ್ಬನ ಹೆಸರು ಹೇಳು ಅಂದಿದ್ದರೆ ನಮ್ಮ ಸಾಲಿನಲ್ಲಿ ಯಾರಿಗೂ ಬರುತ್ತಿರಲಿಲ್ಲ. ಆ ದೇಶ ಭೂಪಟದಲ್ಲಿ ಎಲ್ಲಿದೆ ಅಂತಲೂ ಕೆಲವರಿಗೆ ಅನುಮಾನ. ಆದರೂ ಮೂರು ವಿಕೆಟ್‌ನಿಂದ ಅವರು ಗೆದ್ದಾಗ ಗ್ಯಾಲರಿಯಲ್ಲಿ ಪಕ್ಕದ ಅಪರಿಚಿತರು ನನ್ನ ಹೆಗಲು ಹಿಡಿದು ಕುಣಿಯುತ್ತಿದ್ದರು. ಅವರು ನಮ್ಮವರೂ ಅಲ್ಲ, ಇಂಗ್ಲೆಂಡ್ ಮೇಲೆ ನಮಗೆ ಅಂಥ ಹಗೆಯೂ ಇರಲಿಲ್ಲ. ಕೊನೇ ಬಸ್ಸು ತಪ್ಪಿತು. ಬೆಳಗಿನ ಜಾವದವರೆಗೆ ಮೆಜೆಸ್ಟಿಕ್‌ನಲ್ಲಿ ಕೂತು ಕಾಫಿ ಕುಡಿಯುತ್ತ ಅದೇ ಮಾತು.

ಅಂದರೆ ಹುಡುಗರಿಗೆ ಈ ಖುಷಿ ಬರೋದೇ ಇಲ್ಲ ಅಂತ ಅಲ್ಲ. ನಿಮ್ಮೂರಿನ ಪಟಾಕಿಯಲ್ಲೂ ಒಂದೆರಡು ಇದರ ಲೆಕ್ಕಕ್ಕೆ ಹೋಗಿರಬಹುದು.

ಇದರ ಇನ್ನೊಂದು ಮುಖ 2007ರ ವಿಶ್ವಕಪ್‌ನಲ್ಲಿ ನೋಡಿದ್ದೇವೆ. ಮಾರ್ಚ್ 17, ಪೋರ್ಟ್ ಆಫ್ ಸ್ಪೇನ್. ನಮ್ಮ ದ್ರಾವಿಡ್ ಕ್ಯಾಪ್ಟನ್. ಬಾಂಗ್ಲಾದೇಶದ ಎದುರು 191ಕ್ಕೆ ಆಲೌಟ್. 18 ತುಂಬೋಕೆ ಮೂರು ದಿನ ಬಾಕಿ ಇದ್ದ ತಮೀಮ್ ಇಕ್ಬಾಲ್ ಮುಂದೆ ನುಗ್ಗಿ ಬಂದು ಜಹೀರ್ ಖಾನ್‌ಗೆ ಸಿಕ್ಸರ್ ಹೊಡೆದ. ನಾವು ಸೋತೆವು. ಅದೇ ದಿನ ಐರ್ಲೆಂಡ್ ಪಾಕಿಸ್ತಾನವನ್ನೂ ಸೋಲಿಸಿತ್ತು. ಆದರೆ ಆ ರಾತ್ರಿ ಅದನ್ನು ಕೇಳಿ ಕುಣಿಯೋ ಚೈತನ್ಯ ನಮ್ಮಲ್ಲಿ ಯಾರಿಗೂ ಉಳಿದಿರಲಿಲ್ಲ. ರಾಂಚಿಯಲ್ಲಿ ಧೋನಿ ಕಟ್ಟಿಸುತ್ತಿದ್ದ ಮನೆಗೆ ಜನ ನುಗ್ಗಿ ಹಾಳು ಮಾಡಿದರು. ನಮ್ಮ ಬೀದಿಯಲ್ಲಿ ಒಬ್ಬರು ಹೊಸ ಟಿವಿಯ ಕಂತು ಇನ್ನೂ ಕಟ್ಟುತ್ತಿದ್ದರು, ಅದಕ್ಕೇ ಅದು ಉಳಿಯಿತು.

ನಿಮ್ಮ ಸವಾಲಿಗೆ ಬರುತ್ತೇನೆ. ಜೂನ್ 12ರಂದು ನ್ಯೂಯಾರ್ಕ್‌ನಲ್ಲಿ ಭಾರತ–ಅಮೆರಿಕ ಪಂದ್ಯ ಇತ್ತಲ್ಲ, ಅವತ್ತು ಕೆಂಜಿಗೆ ಹನ್ನೊಂದರಲ್ಲಿ ಇರಲಿಲ್ಲ. ಹಾಗಾಗಿ ನಮಗೆ ಪರೀಕ್ಷೆ ತಪ್ಪಿತು. ಆದರೆ ನೇತ್ರವಾಳ್ಕರ್ ಇದ್ದರು. ಕೊಹ್ಲಿಯನ್ನು ಮೊದಲ ಬಾಲಿಗೇ ಔಟ್ ಮಾಡಿದರು, ರೋಹಿತ್‌ರನ್ನು ಮೂರಕ್ಕೆ. ನಮ್ಮ ಆಫೀಸಿನಲ್ಲಿ ಜೊತೆಗೆ ನೋಡುತ್ತಿದ್ದ ಹುಡುಗನೊಬ್ಬ ಚಪ್ಪಾಳೆಗೆ ಕೈ ಎತ್ತಿದವನು, ಸುತ್ತ ನೋಡಿ, ಹಾಗೇ ತಲೆ ಕೆರೆದುಕೊಂಡ. ಕೆಂಜಿಗೆ ಆಗಿದ್ದರೆ ನಾವೂ ಅಷ್ಟೇ ಮಾಡುತ್ತಿದ್ದೆವು ಅಂತ ಕಾಣುತ್ತೆ. ಪಟಾಕಿ ಖಂಡಿತ ಇಲ್ಲ. ಪಾಕಿಸ್ತಾನದಲ್ಲಿ ಹುಟ್ಟಿದ ಅಲಿ ಖಾನ್ ಕೂಡ ಇದೇ ಅಮೆರಿಕ ತಂಡದಲ್ಲಿದ್ದು, ಜೂನ್ 6ರಂದು ಫಖರ್ ಜಮಾನ್ ವಿಕೆಟ್ ತೆಗೆದಿದ್ದರು. ಅವರ ಊರಿನವರು ಆ ರಾತ್ರಿ ಕೈ ಎಲ್ಲಿ ಇಟ್ಟುಕೊಂಡರೋ.

ತಲೆಬರಹ ವಾಪಸ್ ತಗೊಳ್ಳಲ್ಲ, ಕ್ಷಮಿಸಿ.

ಕೊನೆಗೆ ಒಂದು ಅನುಮಾನ. ಒಂಬತ್ತಕ್ಕೆ ಮಲಗುವವನು ನಾನು, ಪಟಾಕಿ ಸದ್ದಿಗೇ ಎಚ್ಚರವಾಗಿದ್ದು ಅಂತ ಮೊದಲ ಹಾಳೆಯಲ್ಲಿ ಬರೆದಿದ್ದೀರಿ. ನಾಲ್ಕನೇ ಹಾಳೆಯಲ್ಲಿ “ಅಷ್ಟು ಅನುಭವ ಇರೋ ಪಾಕಿಸ್ತಾನದ ಅಮೀರ್ ಸೂಪರ್ ಓವರಿನಲ್ಲಿ ಹಾಗೆ ವೈಡ್ ಹಾಕೋದಾ, ನಾನು ಆಗಲೇ ಅಂದುಕೊಂಡೆ” ಅಂತಲೂ ಇದೆ. ‘ಆಗಲೇ’ ಅಂದ್ರೆ ಯಾವಾಗ ಮೇಷ್ಟ್ರೇ?

— ಸಂಪಾದಕ